ಟವೆಲ್ಲಿನ ಕೆಳಗಿನ ವ್ಯಾಪಾರ: ಮಲೇಷ್ಯಾದ ಹಳೆಯ ಕಾರು ಮತ್ತು ‘ನಮ್ಮವರು’ ಎಂಬ ಖಾತರಿ



ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನೋ ಸಿದ್ಧಗಂಗೆಯ ಜಾತ್ರೆಯನ್ನೋ ಕಂಡವರಿಗೆ ಎತ್ತಿನ ವ್ಯಾಪಾರದ ಚಿತ್ರ ನೆನಪಿರುತ್ತದೆ. ಕೊಳ್ಳಲು ಬಂದ ರೈತ ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂಬುದರಿಂದ ವಯಸ್ಸು ತಿಳಿಯುತ್ತದೆ. ಆಮೇಲೆ ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಇಷ್ಟೂ ಹಾಡುಹಗಲಿನಲ್ಲಿ, ಹತ್ತು ಜನರ ಕಣ್ಣೆದುರಿಗೆ ನಡೆಯುತ್ತದೆ. ಬೆಲೆಯ ಮಾತು ಬಂದಾಗ ಮಾತ್ರ ದಲ್ಲಾಳಿ ಕೈಮೇಲೆ ಟವೆಲ್ ಹೊದಿಸುತ್ತಾನೆ. ಬಟ್ಟೆಯ ಕೆಳಗೆ ಬೆರಳು ಬೆರಳನ್ನು ಹಿಡಿದು ದರ ಹೇಳುತ್ತದೆ. ಎತ್ತಿನ ಗುಣದೋಷ ಬಯಲಿನಲ್ಲಿ ಇರುತ್ತದೆ, ಬೆಲೆ ಮರೆಯಲ್ಲಿ ಇರುತ್ತದೆ.

ಕ್ವಾಲಾಲಂಪುರ, ಪೆಟಾಲಿಂಗ್ ಜಯ, ಶಾ ಆಲಂ, ಸೈಬರ್‌ಜಯಗಳಲ್ಲಿ ನೆಲೆಸಿದ ವಲಸಿಗ ಕನ್ನಡಿಗರು ಹಳೆಯ ಕಾರು ಕೊಳ್ಳುವ ವ್ಯಾಪಾರದಲ್ಲಿ ಈ ಚಿತ್ರ ತಲೆಕೆಳಗಾಗಿದೆ. ಬೆಲೆ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುತ್ತದೆ. ಕಾರಿನ ಚಿತ್ರ ನಾಲ್ಕು ಕಡೆಯಿಂದಲೂ ಇರುತ್ತದೆ. ಗೇರ್‌ಬಾಕ್ಸಿನ ಒಳಗೇನಿದೆ, ರೇಡಿಯೇಟರು ಎಷ್ಟು ದಿನ ತಡೆಯುತ್ತದೆ, ನೆಲಹಾಸಿನ ಕೆಳಗೆ ಯಾವ ವರ್ಷದ ಕೆಸರು ಒಣಗಿದೆ ಎಂಬುದು ಮಾತ್ರ ಟವೆಲ್ಲಿನ ಕೆಳಗೆ ಉಳಿಯುತ್ತದೆ. ಕೊಂಡ ಎರಡನೆಯ ತಿಂಗಳಲ್ಲಿ ಆ ಟವೆಲ್ ಸರಿಯುತ್ತದೆ, ಗ್ಯಾರೇಜಿನ ಬಿಲ್ಲಿನ ರೂಪದಲ್ಲಿ.

ಇದು ಕೊಂಡವರ ಎಚ್ಚರಗೇಡಿನ ಕಥೆ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಈ ಬಿಲ್ಲಿನ ಹಿಂದೆ ಸಾರ್ವಜನಿಕ ಸಾರಿಗೆಯ ಪ್ರಶ್ನೆಯಿದೆ, ಕಾನೂನಿನ ಪ್ರಶ್ನೆಯಿದೆ. ಇವೆರಡಕ್ಕಿಂತ ಹೆಚ್ಚಾಗಿ, ಪರದೇಶದಲ್ಲಿ ಯಾರನ್ನು ನಂಬಬೇಕು, ಯಾವ ಆಧಾರದ ಮೇಲೆ ನಂಬಬೇಕು ಎಂಬ ಪ್ರಶ್ನೆಯಿದೆ. ಪ್ರಗತಿಪರರೆಂದು ಕರೆದುಕೊಳ್ಳುವ ಸಮುದಾಯ ತಪ್ಪಿಸಿಕೊಳ್ಳಬಾರದ ಪ್ರಶ್ನೆ ಈ ಕೊನೆಯದು.

ಮೊದಲು, ಮಲೇಷ್ಯಾದಲ್ಲಿ ಕಾರು ಏಕೆ ಅನಿವಾರ್ಯವಾಯಿತು ಎಂಬುದನ್ನು ನೋಡಬೇಕು. 1983ರಲ್ಲಿ ಮಹಾತಿರ್ ಮೊಹಮದ್ ಅವರ ಸರ್ಕಾರ ರಾಷ್ಟ್ರೀಯ ಕಾರಿನ ಯೋಜನೆಗಾಗಿ ಪ್ರೋಟಾನ್ ಕಂಪನಿಯನ್ನು ಹುಟ್ಟುಹಾಕಿತು. ಜಪಾನಿನ ಮಿತ್ಸುಬಿಷಿಯ ತಂತ್ರಜ್ಞಾನದ ನೆರವಿನಿಂದ 1985ರಲ್ಲಿ ಮೊದಲ ಪ್ರೋಟಾನ್ ಸಾಗಾ ರಸ್ತೆಗಿಳಿಯಿತು. 1993ರಲ್ಲಿ ಎರಡನೆಯ ರಾಷ್ಟ್ರೀಯ ಕಂಪನಿ ಪೆರೊಡುವಾ ಬಂತು. ಮರುವರ್ಷ ಅದರ ಪುಟ್ಟ ಕಾಂಚಿಲ್, 2005ರಲ್ಲಿ ಮೈವಿ ಬಂದವು. ದೇಶೀ ಕಾರನ್ನು ಕಾಪಾಡಲು ವಿದೇಶೀ ಕಾರುಗಳ ಮೇಲೆ ಭಾರೀ ತೆರಿಗೆ ಬಿತ್ತು. ಹೆದ್ದಾರಿಗಳು ಬೆಳೆದವು, ಊರು ಹೆದ್ದಾರಿಯ ಉದ್ದಕ್ಕೂ ಹಬ್ಬಿತು. ಕ್ವಾಲಾಲಂಪುರಕ್ಕೆ ಮೊದಲ ಎಲ್‌ಆರ್‌ಟಿ ರೈಲು ಬಂದದ್ದು 1996ರಲ್ಲಿ; ಕಾಜಾಂಗ್ ಮಾರ್ಗದ ಎಂಆರ್‌ಟಿ ಪೂರ್ಣವಾದದ್ದು 2017ರಲ್ಲಿ, ಪುತ್ರಜಯ ಮಾರ್ಗ ಪೂರ್ಣವಾದದ್ದು 2023ರಲ್ಲಿ. ಕಾರು ಮೊದಲು ಬಂತು, ರೈಲು ಬಹಳ ತಡವಾಗಿ ಬಂತು. ಇವತ್ತಿಗೂ ರೈಲು ನಿಲ್ದಾಣದಿಂದ ಮನೆಗಿರುವ ಮೂರು ಕಿಲೋಮೀಟರ್ ಸುಡುಬಿಸಿಲು, ಸಂಜೆಯ ಸಿಡಿಲುಮಳೆ, ಕಾಲುದಾರಿಯಿಲ್ಲದ ಹೆದ್ದಾರಿ, ಇವು ಕಾರಿಲ್ಲದವರನ್ನು ದಿನವೂ ಶಿಕ್ಷಿಸುತ್ತವೆ.

ಈ ಊರಿಗೆ ಬಂದಿಳಿಯುವ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಗಂಡನಿಗೆ ಎರಡು ವರ್ಷದ ಒಪ್ಪಂದದ ಕೆಲಸ. ಹೆಂಡತಿಗೆ ಅವಲಂಬಿತರ ಪಾಸು. ಪ್ರತ್ಯೇಕ ಅನುಮತಿಯಿಲ್ಲದೆ ದುಡಿಯುವಂತಿಲ್ಲ. ಮಗುವಿಗೆ ಶಾಲೆ ದೂರ. ಅಲ್ಪಾವಧಿಯ ಪಾಸಿನ ವಿದೇಶಿಯರಿಗೆ ಬ್ಯಾಂಕು ಕಾರಿನ ಸಾಲ ಕೊಡಲು ಹಿಂದೆಮುಂದೆ ನೋಡುತ್ತದೆ. ಉಳಿಯುವ ದಾರಿ ನಗದು ಕೊಟ್ಟು ಹಳೆಯ ಕಾರು ಕೊಳ್ಳುವುದು. ಡೀಲರನ ಬಳಿ ಬೆಲೆ ಹೆಚ್ಚು. ನೇರವಾಗಿ ಮಾಲೀಕನಿಂದ ಕೊಂಡರೆ ಒಂದೆರಡು ಸಾವಿರ ರಿಂಗಿಟ್ ಉಳಿಯುತ್ತದೆ. ಊರಿನಿಂದ ತಂದ ಉಳಿತಾಯ ಸೇರಿಸಿ 18,000 ರಿಂಗಿಟ್‌ಗೆ ಹನ್ನೆರಡು ವರ್ಷದ ಕಾರೊಂದು ಮನೆಗೆ ಬರುತ್ತದೆ ಎಂದುಕೊಳ್ಳೋಣ. ತಿಂಗಳೊಂದು ಕಳೆದ ಮೇಲೆ ಸಂಜೆಯ ದಟ್ಟಣೆಯಲ್ಲಿ ಗೇರು ಜಗ್ಗಿ ಜಗ್ಗಿ ಬೀಳತೊಡಗುತ್ತದೆ. ಗ್ಯಾರೇಜಿನವನು ಗೇರ್‌ಬಾಕ್ಸ್ ಬಿಚ್ಚಬೇಕು ಎನ್ನುತ್ತಾನೆ. ಎಲ್ಲ ಸೇರಿ 6,800 ರಿಂಗಿಟ್. ಇದು ಕಲ್ಪಿತ ಲೆಕ್ಕ. ಆದರೆ 2025ರ ಫೆಬ್ರುವರಿಯಿಂದ ಜಾರಿಗೆ ಬಂದ ಮಲೇಷ್ಯಾದ ಕನಿಷ್ಠ ವೇತನ ತಿಂಗಳಿಗೆ 1,700 ರಿಂಗಿಟ್ ಎಂಬುದು ಕಲ್ಪಿತವಲ್ಲ. ಅಂದರೆ ಆ ಒಂದು ಬಿಲ್ಲು ಕನಿಷ್ಠ ವೇತನದ ಕಾರ್ಮಿಕನ ನಾಲ್ಕು ತಿಂಗಳ ದುಡಿಮೆ. ಐಟಿ ಉದ್ಯೋಗಿಗೆ ಅದು ರದ್ದಾದ ಊರಿನ ಪ್ರಯಾಣ. ಹೋಟೆಲಿನ ಅಡುಗೆಯವನಿಗೆ ಅದು ಊರಿಗೆ ಹೋಗದ ಹಣ, ಕಟ್ಟದ ಶಾಲಾ ಶುಲ್ಕ, ಹೊಸದಾಗಿ ಹುಟ್ಟಿದ ಸಾಲ.

ದುರಸ್ತಿಯ ಖರ್ಚಿಗೆ ಇನ್ನೊಂದು ಸ್ವಭಾವವಿದೆ. ಅದು ಒಂಟಿಯಾಗಿ ಬರುವುದಿಲ್ಲ. ಮಲೇಷ್ಯಾದ ಬಿಸಿಯಲ್ಲಿ ವರ್ಷಗಟ್ಟಲೆ ಓಡಿದ ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಒಂದು ದಿನ ಸಣ್ಣಗೆ ಬಿರುಕು ಬಿಡುತ್ತದೆ. ನೀರು ಸೋರುತ್ತದೆ, ಎಂಜಿನ್ ಕಾಯುತ್ತದೆ. ಕಾದದ್ದನ್ನು ಗಮನಿಸದೆ ಇನ್ನೈದು ಕಿಲೋಮೀಟರ್ ಓಡಿಸಿದರೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಕೆಲವು ನೂರು ರಿಂಗಿಟ್‌ನ ದೋಷ ಕೆಲವು ಸಾವಿರದ ದೋಷವಾಗುತ್ತದೆ. ಟೈಮಿಂಗ್ ಬೆಲ್ಟನ್ನು ಹಿಂದಿನ ಮಾಲೀಕ ಬದಲಿಸಿದ್ದನೇ ಎಂಬುದಕ್ಕೆ ರಸೀದಿಯಿಲ್ಲದಿದ್ದರೆ ಹೊಸ ಮಾಲೀಕ ಬದಲಿಸಲೇಬೇಕು; ಅನೇಕ ಎಂಜಿನ್ನುಗಳಲ್ಲಿ ಆ ಬೆಲ್ಟು ಓಡುವಾಗ ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಏಸಿ ಕಂಪ್ರೆಸರ್, ಎಂಜಿನ್ ಮೌಂಟಿಂಗ್, ಅಬ್ಸಾರ್ಬರ್, ಲೋಯರ್ ಆರ್ಮಿನ ಬುಷ್, ಇವೆಲ್ಲ ಸರದಿ ನಿಂತಿರುತ್ತವೆ. ಮೊದಲ ಬಿಲ್ಲಿಗೆ ಹಣ ಸುರಿದವನು ಎರಡನೆಯದಕ್ಕೂ ಸುರಿಯುತ್ತಾನೆ. ಇಲ್ಲವಾದರೆ ಮೊದಲನೆಯದು ವ್ಯರ್ಥವಾಯಿತಲ್ಲ ಎಂಬ ಸಂಕಟ. ಹೀಗೆ ಕಾರಿನ ಬೆಲೆಯ ಅರ್ಧದಷ್ಟು ಹಣ ಒಂದೇ ವರ್ಷದಲ್ಲಿ ಗ್ಯಾರೇಜಿಗೆ ಹೋದಾಗ, ಡೀಲರನ ಬಳಿ ಉಳಿಸಿದ ಎರಡು ಸಾವಿರ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ.

ಮಲೇಷ್ಯಾದ ಮೆಕ್ಯಾನಿಕ್ಕನ್ನು ಇಲ್ಲಿ ಖಳನಾಯಕನನ್ನಾಗಿ ಮಾಡುವುದು ತಪ್ಪು. ‘ಫೋರ್‌ಮನ್’ ಎಂಬ ಇಂಗ್ಲಿಷ್ ಪದವನ್ನು ಮಲಯ ಮಾತು ತನ್ನದಾಗಿಸಿಕೊಂಡು ಅವನನ್ನು ‘ಪೋಮೆನ್’ ಎನ್ನುತ್ತದೆ. ಜಪಾನಿನಿಂದ ಅರ್ಧ ಕತ್ತರಿಸಿ ತಂದ ಹಳೆಯ ಕಾರುಗಳ ಬಿಡಿಭಾಗಗಳನ್ನು ಮಾರುವ ‘ಕೆಡಾಯ್ ಪೊತೊಂಗ್’ ಅಂಗಡಿಗಳಿಂದ ಗೇರ್‌ಬಾಕ್ಸ್ ತಂದು ಕೂರಿಸಿ, ಹೊಸದರ ಬೆಲೆಯ ಒಂದು ಪಾಲಿನಲ್ಲಿ ಕಾರನ್ನು ಮತ್ತೆ ಓಡಿಸುವ ಜಾಣ್ಮೆ ಅವನದು. ಬಡವರ ಕಾರುಗಳು ಈ ದೇಶದಲ್ಲಿ ಇನ್ನೂ ಓಡುತ್ತಿರುವುದಕ್ಕೆ ಈ ಜಾಣ್ಮೆ ದೊಡ್ಡ ಕಾರಣ. ಅವನು ಹೇಳುವ ಬೆಲೆ ಹೆಚ್ಚೇ ಇರಬಹುದು; ಆದರೆ ದೋಷ ಹುಟ್ಟಿದ್ದು ಅವನ ಅಂಗಡಿಯಲ್ಲಲ್ಲ.

ಹಾಗಾದರೆ ಸರ್ಕಾರದ ತಪಾಸಣೆ ಏನು ಮಾಡುತ್ತದೆ ಎಂಬ ಪ್ರಶ್ನೆ ಬರುತ್ತದೆ. ಮಲೇಷ್ಯಾದಲ್ಲಿ ಕಾರಿನ ಒಡೆತನ ಬದಲಾಯಿಸಲು ರಸ್ತೆ ಸಾರಿಗೆ ಇಲಾಖೆಗೆ, ಅಂದರೆ ಜೆಪಿಜೆಗೆ, ಸಾಮಾನ್ಯವಾಗಿ ಬಿ5 ಎಂಬ ತಪಾಸಣಾ ವರದಿ ಕೊಡಬೇಕು. 1994ರಲ್ಲಿ ಹುಟ್ಟಿದ ಪುಸ್ಪಾಕೊಮ್ ಕಂಪನಿ ಮೂರು ದಶಕ ಕಾಲ ಈ ತಪಾಸಣೆಯ ಏಕಸ್ವಾಮ್ಯ ಹೊಂದಿತ್ತು; 2024ರ ಆಗಸ್ಟ್ ಕೊನೆಗೆ ಆ ಗುತ್ತಿಗೆ ಮುಗಿದು ಬೇರೆ ಕಂಪನಿಗಳಿಗೂ ಬಾಗಿಲು ತೆರೆಯಿತು. ಬಿ5 ವರದಿಯ ಮೊದಲ ಉದ್ದೇಶ ಕಾರಿನ ಗುರುತು ಪರೀಕ್ಷೆ. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಕಾಗದಕ್ಕೆ ಹೊಂದುತ್ತವೆಯೇ, ಕಾರು ಕದ್ದದ್ದೇ, ಬೇರೊಂದು ಕಾರಿನ ನಂಬರು ಹೊತ್ತ ‘ಕ್ಲೋನ್’ ಕಾರೇ ಎಂಬುದು ಅದರ ಕಾಳಜಿ. ಗೇರ್‌ಬಾಕ್ಸನ್ನು ಯಾರೂ ಬಿಚ್ಚುವುದಿಲ್ಲ. ‘ಪುಸ್ಪಾಕೊಮ್ ಪಾಸಾಗಿದೆ’ ಎಂದು ಮಾರುವವನು ಹೇಳಿದಾಗ ಕೊಳ್ಳುವವನ ಕಿವಿಗೆ ‘ಕಾರು ಚೆನ್ನಾಗಿದೆ’ ಎಂದು ಕೇಳುತ್ತದೆ. ಕಾಗದ ಹೇಳುವುದಾದರೋ ‘ಇದು ಅದೇ ಕಾರು’ ಎಂಬಷ್ಟನ್ನೇ.

2021ರ ಡಿಸೆಂಬರ್ 18ರ ಹೊತ್ತಿನ ಮಹಾಪ್ರವಾಹ ಈ ವ್ಯತ್ಯಾಸವನ್ನು ಕ್ರೂರವಾಗಿ ತೋರಿಸಿತು. ಸೆಲಂಗೋರ್ ರಾಜ್ಯದಲ್ಲಿ, ಮುಖ್ಯವಾಗಿ ಶಾ ಆಲಂನ ತಾಮಾನ್ ಶ್ರೀ ಮುಡಾದಂಥ ಬಡಾವಣೆಗಳಲ್ಲಿ, ಕಾರುಗಳು ಚಾವಣಿಯವರೆಗೆ ಮುಳುಗಿದವು. ಆ ಪ್ರವಾಹದ ಒಟ್ಟು ನಷ್ಟ ಸುಮಾರು 6.1 ಶತಕೋಟಿ ರಿಂಗಿಟ್, ಅದರಲ್ಲಿ ವಾಹನಗಳ ಪಾಲು ಸುಮಾರು 1 ಶತಕೋಟಿ ರಿಂಗಿಟ್ ಎಂದು ಮಲೇಷ್ಯಾದ ಅಂಕಿಅಂಶ ಇಲಾಖೆ ಅಂದಾಜು ಮಾಡಿತು. ಸಮಗ್ರ ವಿಮೆ ಇದ್ದರೂ ಪ್ರವಾಹದ ನಷ್ಟ ಅದರಲ್ಲಿ ತಾನಾಗಿ ಸೇರುವುದಿಲ್ಲ. ‘ವಿಶೇಷ ಅಪಾಯ’ದ ಹೆಚ್ಚುವರಿ ರಕ್ಷಣೆಗೆ ಬೇರೆ ಹಣ ಕಟ್ಟಿರಬೇಕು. ಕಟ್ಟದ ಕುಟುಂಬ ಮುಳುಗಿದ ಕಾರನ್ನು ಏನು ಮಾಡಬೇಕು? ತೊಳೆದು, ಒಣಗಿಸಿ, ಸೀಟು ಬದಲಿಸಿ ಮಾರುವುದು ಒಂದೇ ದಾರಿ ಎಂದು ಅದಕ್ಕೆ ತೋರಿದರೆ ಆಶ್ಚರ್ಯವಿಲ್ಲ. ನೀರು ಕಂಡ ಕಾರು ಮೊದಲ ತಿಂಗಳು ಚೆನ್ನಾಗಿಯೇ ಓಡಬಹುದು. ಆಮೇಲೆ ವಿದ್ಯುತ್ ತಂತಿಗಳ ಕೀಲುಗಳಲ್ಲಿ ತುಕ್ಕು ಕೂರುತ್ತದೆ. ಒಂದು ದಿನ ಕಿಟಕಿ ಇಳಿಯುವುದಿಲ್ಲ, ಮತ್ತೊಂದು ದಿನ ಎಂಜಿನ್ ಹೊತ್ತುವುದಿಲ್ಲ. ಸೀಟ್‌ಬೆಲ್ಟನ್ನು ಪೂರ್ತಿ ಎಳೆದರೆ ಕೊನೆಯಲ್ಲಿ ಕಾಣುವ ನೀರಿನ ಕಲೆ, ಸೀಟಿನ ಹಳಿಗಳ ತುಕ್ಕು, ನೆಲಹಾಸಿನ ಕೆಳಗಿನ ಮಣ್ಣು, ಸುಗಂಧದ ಡಬ್ಬಿಯ ಹಿಂದಿನ ಮುಗ್ಗಲು ವಾಸನೆ, ಇವು ಎತ್ತಿನ ಹಲ್ಲಿದ್ದ ಹಾಗೆ. ನೋಡಲು ಬಲ್ಲವನಿಗೆ ಅವು ಮಾತಾಡುತ್ತವೆ. ಇಲ್ಲಿ ಗಮನಿಸಬೇಕಾದದ್ದು, ಮಾರಿದವನೂ ಸಂತ್ರಸ್ತ, ಕೊಂಡವನೂ ಸಂತ್ರಸ್ತ. ಸಮಾಜ ಒಟ್ಟಾಗಿ ಹೊರಬೇಕಾದ ನಷ್ಟವನ್ನು ಒಬ್ಬ ಬಡವ ಇನ್ನೊಬ್ಬ ಬಡವನ ತಲೆಗೆ ದಾಟಿಸಿದ್ದಾನೆ.

ಕಾನೂನು ಎಲ್ಲಿದೆ? 1999ರ ಗ್ರಾಹಕ ಸಂರಕ್ಷಣಾ ಕಾಯಿದೆ ಮಲೇಷ್ಯಾದಲ್ಲಿದೆ. ಅದರ ಪ್ರಕಾರ ಮಾರಿದ ಸರಕು ಒಪ್ಪತಕ್ಕ ಗುಣಮಟ್ಟದ್ದಾಗಿರಬೇಕು. ಅದರಡಿ ರಚನೆಯಾದ ಗ್ರಾಹಕ ನ್ಯಾಯಮಂಡಳಿಯಲ್ಲಿ 5 ರಿಂಗಿಟ್ ಶುಲ್ಕ ಕಟ್ಟಿ ದೂರು ಕೊಡಬಹುದು. 25,000 ರಿಂಗಿಟ್ ಇದ್ದ ಪರಿಹಾರದ ಮಿತಿ 2019ರಲ್ಲಿ 50,000ಕ್ಕೆ ಏರಿತು. ಆದರೆ ಈ ಕಾಯಿದೆ ಕಾಣುವುದು ವ್ಯಾಪಾರವಾಗಿ ಸರಕು ಒದಗಿಸುವವನನ್ನು. ತನ್ನ ಸ್ವಂತ ಕಾರನ್ನು ಮಾರುವ ಮನೆಯವನು ಅದರ ಕಣ್ಣಿಗೆ ಬೀಳುವುದಿಲ್ಲ. ಪಕ್ಕದ ಸಿಂಗಪುರದಲ್ಲಿ 2012ರ ಸೆಪ್ಟೆಂಬರಿನಿಂದ ‘ಲೆಮನ್ ಕಾನೂನು’ ಇದೆ. ಕೊಟ್ಟ ಆರು ತಿಂಗಳೊಳಗೆ ಕಂಡ ದೋಷ ಕೊಡುವಾಗಲೇ ಇತ್ತು ಎಂದು ಅದು ಭಾವಿಸುತ್ತದೆ, ಹಳೆಯ ಕಾರುಗಳಿಗೂ ಅದು ಅನ್ವಯಿಸುತ್ತದೆ. ಅಲ್ಲಿಯೂ ಖಾಸಗಿ ಮಾರಾಟ ಹೊರಗೇ ಉಳಿದಿದೆ. ಡೀಲರನಿಗೆ ಕೊಡದೆ ಉಳಿಸಿದ ಆ ಎರಡು ಸಾವಿರ ರಿಂಗಿಟ್ ನಿಜವಾಗಿ ಏನಾಗಿತ್ತು ಎಂಬುದು ಇಲ್ಲಿ ತಿಳಿಯುತ್ತದೆ. ಅದರಲ್ಲಿ ಒಂದು ಪಾಲು ಲಾಭ. ಇನ್ನೊಂದು ಪಾಲು ಕಾನೂನಿನ ರಕ್ಷಣೆಯ ಬೆಲೆ.

ಖಾಸಗಿ ಮಾರಾಟಕ್ಕೆ ಉಳಿಯುವ ಕಾನೂನು ಕನ್ನಡಿಗರಿಗೆ ಹೊಸದಲ್ಲ. ಪರ್ಯಾಯದ್ವೀಪ ಮಲೇಷ್ಯಾದ 1957ರ ಸರಕು ಮಾರಾಟ ಕಾಯಿದೆ ಭಾರತದ 1930ರ ಕಾಯಿದೆಯ ಪಡಿಯಚ್ಚು. 1950ರ ಕರಾರು ಕಾಯಿದೆ ಭಾರತದ 1872ರ ಕರಾರು ಕಾಯಿದೆಯ ಮಗು. ವಸಾಹತು ಆಡಳಿತ ಕೂಲಿಗಳನ್ನು ಸಾಗಿಸಿದ ಸಮುದ್ರದ ಮೇಲೆಯೇ ಕಾನೂನುಗಳನ್ನೂ ಸಾಗಿಸಿತು. ಎರಡೂ ದೇಶಗಳ ಸರಕು ಮಾರಾಟ ಕಾಯಿದೆಯ 16ನೆಯ ವಿಧಿ ಒಂದೇ ಮಾತು ಹೇಳುತ್ತದೆ: ಆ ಸರಕಿನ ವ್ಯಾಪಾರ ಮಾಡದವನು ಮಾರಿದಾಗ ಗುಣಮಟ್ಟದ ಬಗ್ಗೆ ಹೇಳದೆ ಉಳಿದ ಯಾವ ಭರವಸೆಯೂ ಇರುವುದಿಲ್ಲ. ಕೊಳ್ಳುವವನೇ ಎಚ್ಚರವಾಗಿರಬೇಕು. ಬೆಂಗಳೂರಿನಲ್ಲಿ ನೆರೆಯವನಿಂದ ಕಾರು ಕೊಂಡವನೂ ಕ್ವಾಲಾಲಂಪುರದಲ್ಲಿ ಕೊಂಡವನೂ ಒಂದೇ ನಿಯಮದ ಕೆಳಗಿದ್ದಾರೆ.

ಆದರೂ ಕರಾರು ಕಾಯಿದೆಯ 17ನೆಯ ವಿಧಿಯಲ್ಲಿ ಒಂದು ಸಣ್ಣ ಬಾಗಿಲಿದೆ. ಅದು ವಂಚನೆ ಎಂದರೇನು ಎಂದು ವಿವರಿಸುವ ವಿಧಿ. ಅಲ್ಲಿ ಕೊಟ್ಟ ಉದಾಹರಣೆಗಳು ಕಾರಿನದಲ್ಲ, ಕುದುರೆಯದು, 1872ರಲ್ಲಿ ಕಾರಿರಲಿಲ್ಲ. ಹರಾಜಿನಲ್ಲಿ ಕುದುರೆ ಮಾರುವವನಿಗೆ ಅದು ರೋಗಿಷ್ಠ ಎಂದು ಗೊತ್ತಿದೆ. ಅವನು ಬಾಯಿ ಬಿಡುವುದಿಲ್ಲ. ಇದು ವಂಚನೆಯಲ್ಲ ಎನ್ನುತ್ತದೆ ಕಾನೂನು. ಬರೀ ಮೌನ ಅಪರಾಧವಲ್ಲ. ಎರಡನೆಯ ಉದಾಹರಣೆಯಲ್ಲಿ ಕೊಳ್ಳುವವಳು ಮಾರುವವನ ಮಗಳು, ಆಗತಾನೆ ವಯಸ್ಕಳಾದವಳು. ಇಲ್ಲಿ ಸಂಬಂಧವೇ ಸತ್ಯ ಹೇಳುವ ಕರ್ತವ್ಯವನ್ನು ಹೊರಿಸುತ್ತದೆ. ಮೂರನೆಯ ಉದಾಹರಣೆ ಎಲ್ಲಕ್ಕಿಂತ ಮುಖ್ಯ. ಕೊಳ್ಳುವವನು, ನೀನು ಅಲ್ಲಗಳೆಯದಿದ್ದರೆ ಕುದುರೆ ಚೆನ್ನಾಗಿದೆ ಎಂದುಕೊಳ್ಳುತ್ತೇನೆ ಎಂದು ಬಾಯಿಬಿಟ್ಟು ಹೇಳುತ್ತಾನೆ. ಆಗಲೂ ಮಾರುವವನು ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮ.

ಒಂದು ಪ್ರಶ್ನೆ ಕಾನೂನಿನ ನೆಲೆಯನ್ನೇ ಬದಲಿಸಿಬಿಡುತ್ತದೆ. ಕೇಳದಿದ್ದಾಗ ನಿರಪರಾಧಿಯಾಗಿದ್ದ ಮೌನ ಕೇಳಿದ ಮೇಲೆ ಹೊಣೆ ಹೊರುತ್ತದೆ. ದೋಷವನ್ನು ಬೇಕೆಂದೇ ಮುಚ್ಚುವುದನ್ನೂ ಅದೇ ವಿಧಿ ವಂಚನೆ ಎಂದು ಎಣಿಸುತ್ತದೆ. ಸೋರುವ ಎಣ್ಣೆಯನ್ನು ಒರೆಸಿ ನಿಲ್ಲಿಸುವುದು, ಮಾರುವ ಹಿಂದಿನ ದಿನ ಸ್ಕ್ಯಾನರ್ ಹಾಕಿ ಎಂಜಿನ್ನಿನ ಎಚ್ಚರಿಕೆ ದೀಪ ಆರಿಸುವುದು ಈ ಬಗೆಯವು. ಹಾಗೆಂದು ಕೊಂಡವನು ಕಣ್ಣುಮುಚ್ಚಿ ಕೂರುವಂತಿಲ್ಲ. ಸಾಮಾನ್ಯ ಎಚ್ಚರದಿಂದ ನೋಡಿದ್ದರೆ ಸತ್ಯ ತಿಳಿಯಬಹುದಿತ್ತು ಎಂದಾದರೆ, ಮೌನದ ವಂಚನೆಯ ನೆಪದಲ್ಲಿ ಕರಾರು ಮುರಿಯಲಾಗದು ಎಂದು 19ನೆಯ ವಿಧಿ ಹೇಳುತ್ತದೆ.

ಇಷ್ಟು ಗೊತ್ತಿದ್ದೂ ವಲಸಿಗರು ಪ್ರಶ್ನೆ ಕೇಳುವುದಿಲ್ಲ. ಏಕೆ? ಇಲ್ಲಿ ‘ನಮ್ಮವರು’ ಎಂಬ ಪದ ಪ್ರವೇಶಿಸುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬರುತ್ತದೆ: ‘ಊರಿಗೆ ಹೊರಟಿದ್ದೇವೆ, ಕಾರು ಮಾರುವುದಿದೆ, ನಮ್ಮವರಿಗೇ ಕೊಡೋಣ ಅಂತ.’ ಕೊಳ್ಳುವವರ ಮನಸ್ಸಿನಲ್ಲಿ ಅರ್ಧ ವ್ಯಾಪಾರ ಅಲ್ಲೇ ಮುಗಿಯುತ್ತದೆ. ಮಾರುವವರ ಮನೆಯಲ್ಲಿ ಕಾಫಿ, ಚಕ್ಕುಲಿ. ಹೀಗೆ ಕೂತ ಮೇಲೆ ‘ಅಣ್ಣಾ, ನಮ್ಮ ಮೆಕ್ಯಾನಿಕ್ ಒಮ್ಮೆ ನೋಡಲಿ’ ಎಂದು ಕೇಳುವುದು ಅವಮಾನ ಮಾಡಿದಂತೆ. ಬರೆದು ಕೊಡಿ ಎನ್ನುವುದಂತೂ ಮಹಾಪಾಪ. ಗೇರ್‌ಬಾಕ್ಸ್ ಹೋದ ಮೇಲೆ ದೂರು ಕೊಡುವುದೂ ಅಷ್ಟೇ ಕಷ್ಟ. ರಾಜ್ಯೋತ್ಸವಕ್ಕೆ ಒಂದೇ ಪಂಕ್ತಿಯಲ್ಲಿ ಕೂರಬೇಕು. ‘ಅಕ್ಕಾ, ಅದು ಸಣ್ಣ ಶಬ್ದ, ನಮಗೇನೂ ತೊಂದರೆ ಆಗಿರಲಿಲ್ಲ’ ಎಂಬ ಉತ್ತರ ಬರುತ್ತದೆ. ಬಹುಪಾಲು ಅದು ಸುಳ್ಳೂ ಆಗಿರುವುದಿಲ್ಲ. ಹೊರಡುವ ಅವಸರದಲ್ಲಿದ್ದವರಿಗೆ ಶಬ್ದ ನಿಜವಾಗಿಯೂ ಸಣ್ಣದಾಗಿ ಕೇಳಿಸಿರುತ್ತದೆ. ಕೊನೆಗೆ ಹಣವೂ ಹೋಗುತ್ತದೆ, ಸ್ನೇಹವೂ ಹೋಗುತ್ತದೆ, ಯಾರೂ ಏನೂ ಮಾತಾಡುವುದಿಲ್ಲ.

ಈ ಸ್ಥಿತಿಯನ್ನು ಅರ್ಥಶಾಸ್ತ್ರ ಅರ್ಧ ಶತಮಾನದ ಹಿಂದೆಯೇ ಗುರುತಿಸಿದೆ. ಜಾರ್ಜ್ ಅಕರ್ಲಾಫ್ ಎಂಬ ತರುಣ ಅಧ್ಯಾಪಕ 1967ರಲ್ಲಿ ಹಳೆಯ ಕಾರಿನ ಮಾರುಕಟ್ಟೆಯ ಬಗ್ಗೆ ಲೇಖನವೊಂದನ್ನು ಬರೆದು ಪತ್ರಿಕೆಗೆ ಕಳಿಸಿದರು. ಅಮೆರಿಕದ ಆಡುಮಾತಿನಲ್ಲಿ ಕೆಟ್ಟ ಕಾರಿಗೆ ‘ಲೆಮನ್’ ಎನ್ನುತ್ತಾರೆ. ಮಾರುವವನಿಗೆ ಕಾರಿನ ಗುಣ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಸರಾಸರಿ ಬೆಲೆಗಿಂತ ಹೆಚ್ಚು ಕೊಡಲಾರ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲಾರ. ಒಳ್ಳೆಯವು ಹಿಂದೆ ಸರಿದಂತೆ ಸರಾಸರಿ ಇನ್ನೂ ಕುಸಿಯುತ್ತದೆ. ಕೊನೆಗೆ ಮಾರುಕಟ್ಟೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಮೊದಲ ಪತ್ರಿಕೆ ಇದನ್ನು ಕ್ಷುಲ್ಲಕ ಎಂದು ಹಿಂದಿರುಗಿಸಿತು. 1970ರಲ್ಲಿ ಅದು ಪ್ರಕಟವಾಯಿತು. 2001ರಲ್ಲಿ ಅಕರ್ಲಾಫ್‌ಗೆ ಮೈಕೆಲ್ ಸ್ಪೆನ್ಸ್, ಜೋಸೆಫ್ ಸ್ಟಿಗ್ಲಿಟ್ಜ್ ಅವರೊಂದಿಗೆ ನೊಬೆಲ್ ಬಂತು. ಕಳಿಸಿದ ನಂತರದ ಒಂದು ವರ್ಷವನ್ನು ಅವರು ಕಳೆದದ್ದು ಭಾರತದಲ್ಲಿ. ಪ್ರಕಟವಾದ ಲೇಖನದಲ್ಲಿಯೂ ಭಾರತವಿದೆ: ಹಳ್ಳಿಯ ಲೇವಾದೇವಿಯವನ ಬಡ್ಡಿ ಏಕೆ ಹೆಚ್ಚು, ಉದ್ಯಮಗಳ ಬಂಡವಾಳ ಏಕೆ ಆಯಾ ಸಮುದಾಯಗಳ ವ್ಯವಸ್ಥಾಪಕ ಏಜೆನ್ಸಿಗಳ ಕೈಯಲ್ಲಿ ಕೇಂದ್ರೀಕರಿಸಿತ್ತು ಎಂಬ ಚರ್ಚೆ. ಅಪರಿಚಿತರನ್ನು ನಂಬುವ ವ್ಯವಸ್ಥೆ ಇಲ್ಲದ ಕಡೆ ಜನ ಸಮುದಾಯದ ಸಂಬಂಧವನ್ನೇ ಖಾತರಿಯಾಗಿ ಬಳಸುತ್ತಾರೆ ಎಂಬುದು ಅಲ್ಲಿಯ ತಿರುಳು.

ಈ ಮಾತನ್ನು ಕನ್ನಡದ ಅನುಭವಕ್ಕೆ ತಂದು ಹೇಳಿದರೆ, ಅಕರ್ಲಾಫ್ ‘ಸಮುದಾಯ’ ಎಂದ ಕಡೆ ಜಾತಿ ಎಂದು ಓದಬೇಕಾಗುತ್ತದೆ. ‘ನಮ್ಮವರು’ ಎಂಬ ಪದದ ವ್ಯಾಪ್ತಿ ಹಿಗ್ಗಿ ಕುಗ್ಗುವ ಬಗೆ ಸಭೆಯಲ್ಲಿರುವ ಎಲ್ಲರಿಗೂ ಗೊತ್ತು. ವಿಮಾನ ನಿಲ್ದಾಣದಲ್ಲಿ ಅದರ ಅರ್ಥ ಭಾರತೀಯರು. ರಾಜ್ಯೋತ್ಸವದಲ್ಲಿ ಕನ್ನಡಿಗರು. ಬಾಡಿಗೆ ಮನೆ, ಮದುವೆ, ಹಣದ ವ್ಯವಹಾರ ಬಂದಾಗ ಆ ಪದ ಸದ್ದಿಲ್ಲದೆ ಕುಗ್ಗಿ ಊರು, ಉಪನಾಮ, ಊಟದ ಪದ್ಧತಿಗಳ ಕಡೆಗೆ ಜಾರುತ್ತದೆ. ಒಳ್ಳೆಯ ಕಾರು ಗುಂಪಿಗೆ ಬರುವ ಮೊದಲೇ ಒಳಗುಂಪಿನಲ್ಲಿ ಮಾರಾಟವಾದರೆ ಹೊರಗುಂಪಿಗೆ ಉಳಿಯುವುದು ಮಿಕ್ಕದ್ದು. ಜಾತಿಯನ್ನು ಬಿಟ್ಟು ಬಂದೆವೆಂದು ಹೇಳಿಕೊಳ್ಳುವ ನೆಲದಲ್ಲಿ ಜಾತಿ ಹೀಗೆ ವಾರಂಟಿ ಕಾರ್ಡಾಗಿ ಬದುಕುತ್ತದೆ. ಅದೂ ಒಳಗಿನವರಿಗೆ ಮಾತ್ರ, ಅದೂ ನಂಬಲಾಗದ ವಾರಂಟಿ.

ಮಲೇಷ್ಯಾದ ನೆಲಕ್ಕೆ ಈ ಪಾಠ ಹಳೆಯದು. ರಬ್ಬರ್ ತೋಟಗಳ ಕಾಲದಲ್ಲಿ ಕಂಗಾಣಿ ಪದ್ಧತಿ ನಡೆದದ್ದು ‘ನಮ್ಮವರು’ ಎಂಬ ನಂಬಿಕೆಯ ಮೇಲೆಯೇ. ತೋಟದ ಮೇಸ್ತ್ರಿ ತನ್ನ ಊರಿಗೆ ಮರಳಿ, ತನ್ನ ನಂಟರನ್ನೂ ನೆರೆಯವರನ್ನೂ ಒಪ್ಪಿಸಿ ಕರೆತರುತ್ತಿದ್ದ. ಗುರುತಿನ ಮುಖ ಹೇಳಿದ ಮಾತನ್ನು ಯಾರೂ ಬರೆಸಿಕೊಳ್ಳಲಿಲ್ಲ. ಸಮುದ್ರ ದಾಟಿದ ಮೇಲೆ ಅದೇ ಗುರುತಿನ ಮುಖ ಯಜಮಾನನ ಪರವಾಗಿ ನಿಲ್ಲುವುದಿತ್ತು, ಸಾಲದ ಲೆಕ್ಕ ಇಡುವುದಿತ್ತು. 1938ರಲ್ಲಿ ಭಾರತ ಸರ್ಕಾರ ಅಂಥ ನೆರವಿನ ವಲಸೆಯನ್ನು ನಿಷೇಧಿಸಿದಾಗ ಆ ಪದ್ಧತಿ ಮುಗಿಯಿತು. ಹಳೆಯ ಕಾರು ಕೂಲಿಯ ಬದುಕಿಗೆ ಸಮನಲ್ಲ, ನಿಜ. ಆದರೆ ಬರವಣಿಗೆಯ ಜಾಗದಲ್ಲಿ ಬಾಂಧವ್ಯವನ್ನು ಕೂರಿಸಿದರೆ ಬಲ್ಲವನು ಗೆಲ್ಲುತ್ತಾನೆ, ನಂಬಿದವನು ಸೋಲುತ್ತಾನೆ ಎಂಬ ನಿಯಮ ಎರಡು ಕಡೆಯೂ ಒಂದೇ.

ಬಾಂಧವ್ಯವೇ ಬೇಡ ಎಂದು ಇದರ ಅರ್ಥವಲ್ಲ. ಕನ್ನಡದ ನೆನಪಿನಲ್ಲಿ ವ್ಯವಹಾರದ ನೀತಿಗೆ ಬೇರೊಂದು ಮಾದರಿಯೂ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವನ ಮಡದಿ ಲಕ್ಕಮ್ಮ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಕಳಿಸಿದಳು ಎಂಬ ಕಥೆ ಮಕ್ಕಳಿಗೂ ಗೊತ್ತು. ಲಕ್ಕಮ್ಮ ಕೇಳಿದ್ದು ಅಕ್ಕಿ ಯಾರ ಮನೆಯದು ಎಂದಲ್ಲ. ಇದು ನ್ಯಾಯವಾಗಿ ಬರಬೇಕಾದದ್ದೇ ಎಂದು. ಅವಳ ಪ್ರಶ್ನೆ ಮನೆಯೊಳಗೆ, ಅತ್ಯಂತ ಹತ್ತಿರದ ಸಂಬಂಧದಲ್ಲಿ ಹುಟ್ಟಿತು. ನಂಟು ಇರುವ ಕಡೆ ಪ್ರಶ್ನೆ ಕೇಳಬಾರದು ಎಂಬ ಸಂಕೋಚವನ್ನು ಒಂಬತ್ತು ಶತಮಾನದ ಹಿಂದೆಯೇ ಅವಳು ಮುರಿದಿದ್ದಾಳೆ. ವಲಸಿಗರಲ್ಲಿ ಇಂದು ಕೊಳ್ಳುವವನು ಮೂರು ವರ್ಷದಲ್ಲಿ ಮಾರುವವನಾಗುತ್ತಾನೆ. ಅವಳ ಪ್ರಶ್ನೆಯನ್ನು ಎದುರಿನವನಿಗೆ ಹಾಕುವ ಮೊದಲು ತನಗೆ ಹಾಕಿಕೊಳ್ಳುವ ಸರದಿ ಎಲ್ಲರಿಗೂ ಬರುತ್ತದೆ.

ಆದ್ದರಿಂದ ಇಲ್ಲಿಂದ ಮುಂದಿನ ಮಾತು ವ್ಯಾವಹಾರಿಕವಾದದ್ದು. ಕಾರು ನೋಡುವುದು ಹಗಲಿನಲ್ಲಿ, ಎಂಜಿನ್ ತಣ್ಣಗಿದ್ದಾಗ. ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಅದನ್ನು ಎತ್ತಿ ಕೆಳಗಿನಿಂದ ನೋಡಲಿ. ಅವನಿಗೆ ಕೊಡುವ ಕೂಲಿ ಮುಂದಿನ ಬಿಲ್ಲಿನ ಮುಂದೆ ಏನೂ ಅಲ್ಲ. ಟೈರಿನ ಬದಿಯಲ್ಲಿ ಒತ್ತಿದ ನಾಲ್ಕಂಕಿ ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತದೆ. ಕಾರಿನ ಮೇಲೆ ಬಾಕಿ ದಂಡವಿದ್ದು ಜೆಪಿಜೆ ತಡೆ ಹಾಕಿದ್ದರೆ ವರ್ಗಾವಣೆ ಆಗುವುದಿಲ್ಲ. ‘ಗೆರಾನ್’ ಎಂದು ಕರೆಯುವ ಒಡೆತನದ ಪತ್ರದ ಮೇಲೆ ಬ್ಯಾಂಕಿನ ಹಕ್ಕು ಇದೆಯೇ ನೋಡಬೇಕು. ಬ್ಯಾಂಕಿಗೆ ಹೇಳದೆ ಉಳಿದ ಕಂತುಗಳನ್ನು ಕಟ್ಟಿಕೊಂಡು ಹೋಗುವ ‘ಸಂಬುಂಗ್ ಬಾಯಾರ್’ ವ್ಯವಹಾರ ಕಾನೂನುಬಾಹಿರ. ಅದರಲ್ಲಿ ಕಟ್ಟಿದ ಹಣಕ್ಕೂ ಕಾರಿಗೂ ರಕ್ಷಣೆಯಿಲ್ಲ. ವಿಮೆಯ ‘ಕ್ಲೇಮ್ ಇಲ್ಲದ’ ರಿಯಾಯಿತಿ ಐದು ವರ್ಷದಲ್ಲಿ 55 ಶೇಕಡಾವರೆಗೆ ಏರುತ್ತದೆ, ಆದರೆ ಅದು ವ್ಯಕ್ತಿಯದು, ಕಾರಿನದಲ್ಲ. ಹೊಸಬರು ಮೊದಲ ವರ್ಷ ಪೂರ್ತಿ ಕಂತು ಕಟ್ಟಬೇಕು. ಪರ್ಯಾಯದ್ವೀಪದಲ್ಲಿ 1.6 ಲೀಟರ್ ಎಂಜಿನ್ನಿನ ಖಾಸಗಿ ಕಾರಿಗೆ ವರ್ಷದ ರಸ್ತೆ ತೆರಿಗೆ 90 ರಿಂಗಿಟ್. 3 ಲೀಟರಿನ ಕಾರಿಗೆ 2,000 ರಿಂಗಿಟ್‌ಗಿಂತ ಹೆಚ್ಚು. ಹಳೆಯ ಐಷಾರಾಮಿ ಕಾರು ಅಗ್ಗವಾಗಿ ಸಿಗುವುದಕ್ಕೆ ಇದೂ ಒಂದು ಕಾರಣ.

ಎಲ್ಲಕ್ಕಿಂತ ಮುಖ್ಯವಾಗಿ, ಪ್ರಶ್ನೆಗಳು ಬರವಣಿಗೆಯಲ್ಲಿರಲಿ. ಈ ಕಾರು ನೀರಿನಲ್ಲಿ ಮುಳುಗಿತ್ತೇ? ಅಪಘಾತ ಕಂಡಿತ್ತೇ? ಗೇರ್‌ಬಾಕ್ಸ್ ಬಿಚ್ಚಿದ್ದುಂಟೇ? ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿತು? ಈಗ ಗೊತ್ತಿರುವ ದೋಷಗಳೇನು? ಒಂದು ಹಾಳೆ, ಐದು ಪ್ರಶ್ನೆ, ಎರಡು ಸಹಿ. ವಾಟ್ಸಾಪಿನಲ್ಲಿ ಕೇಳಿ ಉತ್ತರ ಪಡೆದರೂ ಅದು ಬರವಣಿಗೆಯೇ. ಕನ್ನಡಿಗರ ಗುಂಪುಗಳು ಈ ಹಾಳೆಯನ್ನು ಎಲ್ಲರಿಗೂ ಒಂದೇ ಆಗಿ, ವಾಡಿಕೆಯಾಗಿ ಮಾಡಿಬಿಟ್ಟರೆ ಕೇಳುವವನಿಗೆ ಸಂಕೋಚವಿರದು, ಉತ್ತರಿಸುವವನಿಗೆ ಅವಮಾನವಿರದು. ಪ್ರಾಮಾಣಿಕವಾಗಿ ಮಾರುವವರಿಗೂ ಇದರಿಂದ ಲಾಭ. ಕಾರು ಚೆನ್ನಾಗಿದೆ ಎಂದು ತೋರಿಸಲು ದಾರಿ ಸಿಕ್ಕಿದರೆ ಅವರು ಚೆನ್ನಾದ ಬೆಲೆಯನ್ನೂ ಕೇಳಬಹುದು. ಅಕರ್ಲಾಫ್ ವಿವರಿಸಿದ ಕುಸಿತ ಅಲ್ಲಿಗೆ ನಿಲ್ಲುತ್ತದೆ.

ಹಾಳೆಯೊಂದರಿಂದ ಎಲ್ಲವೂ ಸರಿಯಾಗುವುದಿಲ್ಲ. ಮಲೇಷ್ಯಾಕ್ಕೆ ಲೆಮನ್ ಕಾನೂನು ಬೇಕೆಂಬ ಬೇಡಿಕೆಯೊಂದಿಗೆ ಅಲ್ಲಿಯ ಗ್ರಾಹಕ ಚಳವಳಿಯ ಜೊತೆ ವಲಸಿಗರೂ ನಿಲ್ಲಬೇಕು. ಒಡೆತನ ಬದಲಾಗುವಾಗ ಗುರುತಿನೊಂದಿಗೆ ಕಾರಿನ ಆರೋಗ್ಯವೂ, ಪ್ರವಾಹದ ಚರಿತ್ರೆಯೂ ದಾಖಲಾಗಬೇಕು. ನಿಲ್ದಾಣದಿಂದ ಮನೆಗೆ ಬಸ್ಸು ಬಂದರೆ ಅರ್ಧದಷ್ಟು ಹಳೆಯ ಕಾರುಗಳನ್ನು ಯಾರೂ ಕೊಳ್ಳಬೇಕಾಗಿಯೇ ಇಲ್ಲ. ಮತ್ತು ಆ ಹಾಳೆ ಒಳಗುಂಪಿನಲ್ಲೇ ಉಳಿಯದೆ ಹೋಟೆಲಿನ ಅಡುಗೆಯವನಿಗೂ, ತಮಿಳು ನೆರೆಯವನಿಗೂ, ಮಲಯ ಸಹೋದ್ಯೋಗಿಗೂ, ಬಾಂಗ್ಲಾದ ಕಾರ್ಮಿಕನಿಗೂ ಅದೇ ಐದು ಪ್ರಶ್ನೆಗಳೊಂದಿಗೆ ಸಿಗಬೇಕು. ಉಪನಾಮ ಗೊತ್ತಿಲ್ಲದವನೊಂದಿಗೂ ನಿರ್ಭಯವಾಗಿ ವ್ಯವಹರಿಸಲು ಆಗುವುದೇ ನಾಗರಿಕ ನಂಬಿಕೆ.

ಜಾತ್ರೆಯ ರೈತ ತನ್ನ ಸ್ವಂತ ಭಾವಮೈದುನನ ಎತ್ತು ಕೊಂಡರೂ ಹಲ್ಲು ನೋಡದೆ ಬಿಡುವುದಿಲ್ಲ. ಭಾವಮೈದುನ ಅದಕ್ಕೆ ಮುನಿಸಿಕೊಳ್ಳುವುದೂ ಇಲ್ಲ. ನೋಡುವುದು ಅಲ್ಲಿ ಪದ್ಧತಿ, ಅನುಮಾನವಲ್ಲ. ಅಷ್ಟು ಸರಳವಾದ ಪದ್ಧತಿಯೊಂದನ್ನು ಸಮುದ್ರದಾಚೆಗೂ ಕಟ್ಟಿಕೊಂಡರೆ ಬೆಲೆಯ ಬೆರಳುಗಳು ಬೇಕಾದರೆ ಬಟ್ಟೆಯ ಕೆಳಗೇ ಇರಲಿ, ಎತ್ತು ಮಾತ್ರ ಬಿಸಿಲಿನಲ್ಲಿ ನಿಲ್ಲುತ್ತದೆ.